ಒಂದೇ ರೆಕ್ಕೆಯ ಆಪಲ್

ಬೆಂಗಳೂರಲ್ಲಿ ‘ಆಪಲ್’ ಉಪಗ್ರಹವನ್ನು ಎತ್ತಿನ ಗಾಡಿಯ ಮೇಲೆ ಕೂರಿಸಿದ ಫೋಟೋ ನೋಡಿ ನಗುವವರಿದ್ದಾರೆ. (ಅದು ಬಡತನವಲ್ಲ ಸ್ವಾಮಿ, ಆಂಟೆನಾ ಪರೀಕ್ಷೆ, ಲೋಹದ ವಾಹನ ಅದಕ್ಕೆ ಅಡ್ಡಿ.) 1981ರ ಜೂನ್ 19ರಂದು ಅದು ಮೇಲೇರಿತು. ಎರಡು ಸೌರಫಲಕಗಳಲ್ಲಿ ಒಂದು ಬಿಚ್ಚಿಕೊಳ್ಳಲೇ ಇಲ್ಲ. “ಸರಿಯಾಗಿ ಟೆಸ್ಟ್ ಮಾಡ್ಲಿಲ್ವೇ?” ಅಂತ ಕೇಳೋದು ಸುಲಭ. ಈ ಪ್ರಶ್ನೆ ನನಗೆ ಒಪ್ಪಿಗೆಯಿಲ್ಲ.

ಫಲಕದ ಕೀಲುಗಳನ್ನು ಮಾಡಿರುವುದೇ ತೂಕವಿಲ್ಲದ ಜಾಗಕ್ಕೆ. ಇಲ್ಲಿ ಅವು ಫಲಕದ ಭಾರ ತಡೆಯಲಾರವು. ಅದಕ್ಕೇ ಫಲಕವನ್ನು ಮೇಲಿನ ಕಂಬಿಗೆ ನೇತುಹಾಕಿ ಬಿಚ್ಚಿಸುತ್ತಾರೆ. ಆಗ ಕಂಬಿಯ ಘರ್ಷಣೆ, ಗಾಳಿಯ ತಡೆ ಎಲ್ಲ ಬಂದು ಸೇರಿಕೊಳ್ಳುತ್ತವೆ. ಅಲುಗಾಡಿಸಿ ನೋಡುತ್ತಾರೆ, ನಿರ್ವಾತದ ಕೋಣೆಯಲ್ಲಿ ಕಾಯಿಸಿ ತಣಿಸುತ್ತಾರೆ. ಎಲ್ಲ ಸರಿಯೇ. ಆದರೂ ಪಾಸಾದದ್ದು ನೇತಾಡುವ ಫಲಕ, ಹಾರುವ ಫಲಕವಲ್ಲ! 2021ರಲ್ಲಿ ಹಾರಿದ ನಾಸಾದ ‘ಲೂಸಿ’ಯ ಎರಡು ಫಲಕಗಳಲ್ಲೂ ಒಂದು ಪೂರ್ತಿ ಬಿಚ್ಚಿ ಭದ್ರವಾಗಲಿಲ್ಲ.

ಪರೀಕ್ಷೆ ಬೇಡ ಅಂತಲ್ಲ. “ಒಂದು ಬಿಚ್ಚದಿದ್ರೆ ಏನ್ಮಾಡೋಣ?” ಅಂತ ನೆಲದ ಮೇಲಿದ್ದಾಗಲೇ ಕೇಳಿಕೊಳ್ಳುವುದೂ ಪರೀಕ್ಷೆಯ ಭಾಗ ಅಂತೀನಿ. ಒಂದೇ ರೆಕ್ಕೆಯ ಆಪಲ್ ಎರಡು ವರ್ಷಕ್ಕೂ ಮಿಕ್ಕಿ ದುಡಿಯಿತು, ಟಿ.ವಿ. ಕಾರ್ಯಕ್ರಮಗಳನ್ನೂ ದಾಟಿಸಿತು.