ಹೊಸತರ ಹುಚ್ಚು, ಹಳತರ ಹಕ್ಕು

ಹೊರನಾಡ ಕನ್ನಡ ಸಂಘಗಳ ವಾರ್ಷಿಕ ವರದಿಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಒಂದು ಹೊಸ ಪುಣ್ಯಕಾರ್ಯ ಸೇರಿಕೊಂಡಿದೆ. ಅದು ಪ್ರತಿಭಾವಂತ ವಿದ್ಯಾರ್ಥಿಗಳಿಗೆ ಹೊಚ್ಚಹೊಸ ಲ್ಯಾಪ್‌ಟಾಪುಗಳ ವಿತರಣೆ. ಹಿಂದೆ ಈ ಸ್ಥಾನದಲ್ಲಿ ನೋಟುಪುಸ್ತಕ, ಕೊಡೆ, ಸಮವಸ್ತ್ರಗಳಿದ್ದವು. ಕಾಲ ಬದಲಾದಂತೆ ದಾನದ ವಸ್ತುವೂ ಬದಲಾಗಬೇಕೆಂಬುದರಲ್ಲಿ ನನ್ನ ತಕರಾರಿಲ್ಲ. ಆದರೆ ದಾನಿಗಳಿಂದ ಲಕ್ಷಗಟ್ಟಲೆ ಹಣವೆತ್ತಿ, ನಾಲ್ಕು ಮಕ್ಕಳನ್ನು ವೇದಿಕೆಗೆ ಕರೆದು, ಪೆಟ್ಟಿಗೆ ಬಿಚ್ಚದ ಯಂತ್ರವನ್ನು ಕೈಗಿತ್ತು ಛಾಯಾಚಿತ್ರ ತೆಗೆಸಿ, ಉಳಿದ ನಲವತ್ತು ಮಕ್ಕಳನ್ನು ಬರಿಗೈಯಲ್ಲಿ ಮನೆಗೆ ಕಳಿಸುವ ಈ ಪದ್ಧತಿಯನ್ನು ನಾನು ವಿರೋಧಿಸುತ್ತೇನೆ. ಅದೇ ಹಣದಲ್ಲಿ ಆ ನಲವತ್ತು ಮಕ್ಕಳಲ್ಲಿ ಬಹುಪಾಲು ಮಕ್ಕಳಿಗೆ ಕೆಲಸಕ್ಕೊದಗುವ ಯಂತ್ರ ದೊರಕಿಸಿಕೊಡಬಹುದು. ಅದಕ್ಕೆ ಬೇಕಾದುದು ಹಳತನ್ನು ಕಂಡರೆ ಮೂಗು ಮುರಿಯದ ಮನಸ್ಸು ಮಾತ್ರ.

ನಾನಿರುವುದು ಬೈಕುಲ್ಲಾದಲ್ಲಿ. ಹಳತರ ಬೆಲೆ ಏನೆಂಬುದನ್ನು ತಿಳಿಯಲು ಇಲ್ಲಿಯವರು ದೂರ ಹೋಗಬೇಕಾಗಿಲ್ಲ. ಈ ದೇಶದ ರೈಲಿನ ಇತಿಹಾಸದಷ್ಟೇ ಹಳೆಯದಾದ ನಮ್ಮ ನಿಲ್ದಾಣವನ್ನು ಕೆಡವಿ ಗಾಜಿನ ಗೋಪುರ ಕಟ್ಟುವ ಬದಲು ಮರ, ಕಬ್ಬಿಣ, ಕಲ್ಲುಗಳನ್ನು ಒಂದೊಂದಾಗಿ ದುರಸ್ತಿಗೊಳಿಸಿದರು. 2022ರಲ್ಲಿ ಅದಕ್ಕೆ ಯುನೆಸ್ಕೋದ ಏಷ್ಯಾ-ಪೆಸಿಫಿಕ್ ಪುರಸ್ಕಾರ ಬಂದಿತು. ರಾಣಿಬಾಗಿನ ಪಕ್ಕದ, 1872ರಲ್ಲಿ ಬಾಗಿಲು ತೆರೆದ ವಸ್ತುಸಂಗ್ರಹಾಲಯ, ಇಂದಿನ ಡಾ. ಭಾವು ದಾಜಿ ಲಾಡ್ ಮ್ಯೂಸಿಯಮ್, ಜೀರ್ಣೋದ್ಧಾರಕ್ಕಾಗಿ 2005ರಲ್ಲೇ ಅಂಥ ಗೌರವ ಪಡೆದಿತ್ತು. ಕಟ್ಟಡ ಹಳೆಯದಾದರೆ ಅದನ್ನು ಪರಂಪರೆ ಎನ್ನುತ್ತೇವೆ. ಆರು ವರ್ಷದ ಗಣಕಯಂತ್ರವನ್ನು ಮಾತ್ರ ಭಂಗಾರದವನಿಗೆ ತೂಕಕ್ಕೆ ಹಾಕುತ್ತೇವೆ. ಇದು ಯಾವ ನ್ಯಾಯ?

ಯಂತ್ರ ಸವೆಯುತ್ತದೆ, ಕಟ್ಟಡದ ಮಾತು ಬೇರೆ ಎನ್ನುವವರಿದ್ದಾರೆ. ಯಂತ್ರ ಸವೆಯುವುದು ನಿಜ. ಆದರೆ ಇಂದು ಮೂಲೆ ಸೇರುತ್ತಿರುವ ಯಂತ್ರಗಳಲ್ಲಿ ಸವೆದವು ಎಷ್ಟು, ಸತ್ತವೆಂದು ಘೋಷಿಸಲ್ಪಟ್ಟವು ಎಷ್ಟು ಎಂಬುದನ್ನು ವಿವೇಚಿಸಬೇಕಾಗಿದೆ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿ ತನ್ನ ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಮನೆಬಳಕೆದಾರರಿಗೆ ಒಂದು ವರ್ಷದ ಹೆಚ್ಚುವರಿ ಅವಧಿಯನ್ನು ಕೊಟ್ಟಿತಾದರೂ, ಮುಂದಿನ ದಾರಿಯೆಂದು ಅದು ತೋರಿಸುವುದು ವಿಂಡೋಸ್ 11ನ್ನು. ಅದಕ್ಕೋ ಟಿಪಿಎಮ್ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂತಿಂಥ ಪೀಳಿಗೆಯ ಪ್ರೊಸೆಸರೇ ಆಗಬೇಕು. ನಿನ್ನೆಯವರೆಗೆ ಪತ್ರ ಬರೆದು, ಲೆಕ್ಕ ಇಟ್ಟು, ಪಾಠ ತೋರಿಸುತ್ತಿದ್ದ ಯಂತ್ರ ಇಂದೂ ಅಷ್ಟೇ ಚೆನ್ನಾಗಿ ಓಡುತ್ತಿದೆ. ಆದರೂ ಅದು ಅನರ್ಹ. ಮೂಗಿಗಿಂತ ಮೂಗುತಿ ಭಾರವೆಂದರೆ ಇದೇ.

ಈ ಪ್ರವೃತ್ತಿ ಇಂದು ನಿನ್ನೆಯದಲ್ಲ. 1924ರಲ್ಲಿ ಜಿನೀವಾದಲ್ಲಿ ಸೇರಿದ ಜಗತ್ತಿನ ದೊಡ್ಡ ದೊಡ್ಡ ಬಲ್ಬು ತಯಾರಕರು ಫೀಬಸ್ ಎಂಬ ಕೂಟ ಕಟ್ಟಿಕೊಂಡು, ಬಲ್ಬಿನ ಆಯುಷ್ಯವನ್ನು 1,000 ಗಂಟೆಗಳಿಗೆ ಇಳಿಸುವ ಒಪ್ಪಂದ ಮಾಡಿಕೊಂಡಿದ್ದರು. ಹೆಚ್ಚು ಬಾಳುವ ಬಲ್ಬು ಮಾಡಿದವನಿಗೆ ದಂಡ! 2017ರಲ್ಲಿ ಆ್ಯಪಲ್ ಕಂಪನಿ, ಬ್ಯಾಟರಿ ಸವೆದ ತನ್ನ ಹಳೆಯ ಫೋನುಗಳ ವೇಗವನ್ನು ತಾನೇ ತಗ್ಗಿಸುತ್ತಿದ್ದುದನ್ನು ಒಪ್ಪಿಕೊಂಡಿತು. ಫೋನು ತಾನಾಗಿ ಆರಿಹೋಗದಿರಲೆಂದು ಹಾಗೆ ಮಾಡಿದೆವೆಂಬುದು ಅದರ ಸಮಜಾಯಿಷಿ. ಆದರೆ ಬಳಕೆದಾರರಿಗೆ ಅದನ್ನು ತಿಳಿಸಿರಲಿಲ್ಲವೆಂಬ ಕಾರಣಕ್ಕೆ ಫ್ರಾನ್ಸಿನಲ್ಲಿ 2020ರಲ್ಲಿ 2.5 ಕೋಟಿ ಯೂರೋ ದಂಡ ತೆರಬೇಕಾಯಿತು. ಬ್ಯಾಟರಿಯೊಂದನ್ನು ಬದಲಿಸಿದ್ದರೆ ಸಾಕಿತ್ತೆಂಬುದನ್ನು ಅರಿಯದೆ ಎಷ್ಟು ಜನ ಕಂತಿನ ಮೇಲೆ ಹೊಸ ಫೋನು ಕೊಂಡರೋ!

ಹಾಗಾದರೆ ಮಾಡಬೇಕಾದುದೇನು? ಇದರಲ್ಲಿ ಮಂತ್ರವಿದ್ಯೆಯೇನೂ ಇಲ್ಲ. ಹಳೆಯ ಲ್ಯಾಪ್‌ಟಾಪು ತೆವಳುವುದಕ್ಕೆ ಸಾಮಾನ್ಯ ಕಾರಣ ಅದರೊಳಗೆ ತಿರುಗುವ ಹಾರ್ಡ್ ಡಿಸ್ಕು. ಅದನ್ನು ತೆಗೆದು ಎಸ್ಎಸ್‌ಡಿ ಹಾಕಿದರೆ ನಿಮಿಷಗಟ್ಟಲೆ ಹಿಡಿಯುತ್ತಿದ್ದ ಕೆಲಸ ಕ್ಷಣಗಳಲ್ಲಿ ಆಗುತ್ತದೆ. ಮೆಮೊರಿ ಕಡಿಮೆಯಿದ್ದರೆ ಇನ್ನೊಂದು ಪಟ್ಟಿ ಸೇರಿಸಬಹುದು. ವಿಂಡೋಸಿನ ಬದಲು ಲಿನಕ್ಸ್ ಮಿಂಟಿನಂಥ ಮುಕ್ತ ತಂತ್ರಾಂಶವನ್ನು ಸ್ಥಾಪಿಸಿದರೆ ಪರವಾನಗಿಯ ಹಣವೂ ಇಲ್ಲ, ಯಂತ್ರದ ಜಾತಕ ಕೇಳುವ ಗೋಜೂ ಇಲ್ಲ. ಪತ್ರ, ಲೆಕ್ಕ, ಪ್ರದರ್ಶಿಕೆಗಳಿಗೆ ಲಿಬ್ರೆ ಆಫೀಸ್ ಇದೆ. ಬಿಡಿಭಾಗಗಳಿಗೆ ನಾವು ಸಿಂಗಾಪುರಕ್ಕೆ ಹೋಗಬೇಕಿಲ್ಲ. ಬೈಕುಲ್ಲಾದಿಂದ ಲ್ಯಾಮಿಂಗ್ಟನ್ ರೋಡಿಗೆ ನಡೆದೇ ಹೋಗಬಹುದು. ಬ್ಯಾಂಕು, ವಿಮಾ ಕಚೇರಿಗಳಲ್ಲಿರುವ ನಮ್ಮವರೇ ನೂರಾರು ಮಂದಿ. ಕಚೇರಿಗಳು ಅವಧಿ ಮುಗಿಯಿತೆಂದು ಸಾಲುಸಾಲಾಗಿ ವಿಲೇವಾರಿ ಮಾಡುವ ಯಂತ್ರಗಳನ್ನು ಅವರು ಕಾಣದವರಲ್ಲ. ಅವುಗಳ ಪೈಕಿ ಹತ್ತನ್ನು ನ್ಯಾಯವಾಗಿ ಕೇಳಿ ತರುವ ಕೆಲಸವನ್ನು ಯಾವ ಸಂಘ ಮಾಡಿದೆ?

2025ರ ಉತ್ತರಾರ್ಧದಿಂದ ಮೆಮೊರಿ ಚಿಪ್ಪುಗಳ ಬೆಲೆ ವಿಪರೀತ ಏರಿತು. ಕೃತಕ ಬುದ್ಧಿಮತ್ತೆಯ ಬೃಹತ್ ಕೇಂದ್ರಗಳು ಅವುಗಳನ್ನು ಕಬಳಿಸತೊಡಗಿದ್ದೇ ಕಾರಣ. ದೂರದ ಕಂಪನಿಗಳ ಪೈಪೋಟಿಯ ಬಿಸಿ ನಮ್ಮ ಚಾಳುಗಳ ಮಕ್ಕಳಿಗೆ ತಟ್ಟುತ್ತಿರುವಾಗ, ಹಳೆಯ ಯಂತ್ರದೊಳಗೆ ಆಗಲೇ ಕುಳಿತಿರುವ ಮೆಮೊರಿಯನ್ನು ಎಸೆಯುವುದು ಶುದ್ಧ ಅವಿವೇಕ.

ನಮ್ಮ ನಾಡಿಗೆ ಈ ಚಿಂತನೆ ಹೊಸತಲ್ಲ. 2000ದ ದಶಕದ ಆರಂಭದಲ್ಲಿ ಬೆಂಗಳೂರಿನ ವಿಜ್ಞಾನಿಗಳೂ ಇಂಜಿನಿಯರುಗಳೂ ಸೇರಿ ಸಿಂಪ್ಯೂಟರ್ ಎಂಬ ಅಂಗೈಯಗಲದ ಗಣಕವನ್ನು ಲಿನಕ್ಸಿನ ಮೇಲೆಯೇ ರೂಪಿಸಿದ್ದರು. ಪ್ರತಿಯೊಬ್ಬರೂ ಅದನ್ನು ಕೊಳ್ಳಬೇಕಾಗಿರಲಿಲ್ಲ. ಒಂದು ಊರಿನವರು ಒಂದೇ ಯಂತ್ರವನ್ನು ತಮ್ಮ ತಮ್ಮ ಸ್ಮಾರ್ಟ್ ಕಾರ್ಡ್ ತೂರಿಸಿ ಹಂಚಿಕೊಂಡು ಬಳಸಬಹುದಾಗಿತ್ತು. ಮಾರುಕಟ್ಟೆಯಲ್ಲಿ ಅದು ಸೋತಿತು. ಆದರೆ ಹಂಚಿಕೊಂಡು ಬಳಸುವ ಆ ವಿಚಾರ ಸೋಲಬೇಕಾದುದಲ್ಲ. ಉತ್ತರ ಕರ್ನಾಟಕದ ಅಜ್ಜಿಯರು ಹರಿದ ಸೀರೆ ಧೋತರಗಳಿಂದ ಕೌದಿ ಹೊಲಿದಾಗ ಅದನ್ನು ಬಡತನದ ಗುರುತೆಂದು ಯಾರೂ ಮರೆಮಾಚಲಿಲ್ಲ. ಬಾಣಂತಿಗೂ ಕೂಸಿಗೂ ಅದನ್ನೇ ಹೊದಿಸಿದರು.

ಭಾಷೆಯ ಪ್ರಶ್ನೆಯೂ ಇಲ್ಲಿದೆ. ಹಳೆಯ ಯಂತ್ರದಲ್ಲಿ, ಅದರಲ್ಲೂ ಲಿನಕ್ಸಿನಲ್ಲಿ, ಕನ್ನಡ ಬರುವುದಿಲ್ಲವೆಂಬ ಮಾತನ್ನು ಸಮಿತಿಯ ಸಭೆಯಲ್ಲಿ ನಾನು ಕೇಳಿದ್ದೇನೆ. ಇದು ತಪ್ಪು ತಿಳಿವಳಿಕೆ. ಮುಂಬಯಿಯಲ್ಲಿ ದುಡಿದಿದ್ದ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವೇ ‘ನುಡಿ’ ತಂತ್ರಾಂಶದ ವಿನ್ಯಾಸಕ್ಕೆ ಆಧಾರ. ಅದೇ ವಿನ್ಯಾಸ ಲಿನಕ್ಸಿನಲ್ಲೂ ಲಭ್ಯವಿದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನ ದೊರೆತದ್ದು 1991ರಲ್ಲಿ. ಸಂಘಗಳ ಹಳೆಯ ಸಂಚಿಕೆಗಳು, ನಡಾವಳಿಗಳು ಹಳೆಯ ಫಾಂಟುಗಳಲ್ಲಿ ಸಿಕ್ಕಿಕೊಂಡು, ಹೊಸ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತಿವೆಯಲ್ಲ, ಅವನ್ನು ಯೂನಿಕೋಡಿಗೆ ಪರಿವರ್ತಿಸುವ ಉಚಿತ ತಂತ್ರಾಂಶಗಳೂ ಇವೆ. ಹಳೆಯ ಗಣಕವನ್ನು ಗುಜರಿಗೆ ಹಾಕುವಾಗ ಅದರ ಹೊಟ್ಟೆಯೊಳಗಿನ ನಮ್ಮ ಚರಿತ್ರೆಯನ್ನೂ ಗುಜರಿಗೆ ಹಾಕುತ್ತೇವೆಂಬ ಎಚ್ಚರ ಎಷ್ಟು ಕಾರ್ಯದರ್ಶಿಗಳಿಗಿದೆ?

ಇನ್ನು ಆಕ್ಷೇಪಗಳು. ಬಡವರ ಮಕ್ಕಳಿಗೆ ಹಳೆಯದನ್ನು ಕೊಡುವುದು ಅವಮಾನವಲ್ಲವೇ ಎಂಬುದು ಮೊದಲನೆಯದು. ಈ ಪ್ರಶ್ನೆಯನ್ನು ಕೇಳುವವರು ಸಾಮಾನ್ಯವಾಗಿ ಕೊಡುವವರೇ ಹೊರತು ಪಡೆಯುವವರಲ್ಲ. ಈ ಮಹಾನಗರದಲ್ಲಿ ಕನ್ನಡಿಗರು ತಲೆಯೆತ್ತಿದ್ದು ರಾತ್ರಿ ಶಾಲೆಗಳಿಂದ. ಹಗಲು ಹೋಟೆಲಿನಲ್ಲಿ ಮೇಜು ಒರೆಸಿದ ಹುಡುಗರು, ಹಗಲು ಬೇರೆ ಮಕ್ಕಳು ಕುಳಿತೆದ್ದ ಬೆಂಚಿನ ಮೇಲೆ ರಾತ್ರಿ ಕುಳಿತು, ಕೈಯಿಂದ ಕೈಗೆ ಬಂದ ಪುಸ್ತಕ ಓದಿ ಮೆಟ್ರಿಕ್ ಆದರು. ಆ ಬೆಂಚು ಹೊಸದಲ್ಲವೆಂದು ಯಾರಾದರೂ ಅಂದು ಅವಮಾನಗೊಂಡಿದ್ದರೆ ಇಂದು ದಾನ ಕೊಡುವ ಧಣಿಗಳು ಎಲ್ಲಿರುತ್ತಿದ್ದರು? ಅವಮಾನ ಯಾವುದೆಂದರೆ 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದ ಮೇಲೆ ಆದದ್ದು. ಒಂದೇ ಫೋನಿನ ಮನೆಗಳಲ್ಲಿ ತಂದೆ ಅದನ್ನು ಜೇಬಿಗಿಟ್ಟು ದುಡಿಯಲು ಹೋದರೆ ಮಕ್ಕಳ ತರಗತಿಯೂ ಅವನೊಂದಿಗೇ ಹೋಗುತ್ತಿತ್ತು. ಆಗ ಎಷ್ಟು ಬೀರುಗಳಲ್ಲಿ ಹಳೆಯ ಫೋನುಗಳು ಸುಮ್ಮನೆ ಮಲಗಿದ್ದವು!

ಭದ್ರತೆಯ ಆಕ್ಷೇಪ ಎರಡನೆಯದು, ಇದರಲ್ಲಿ ಹುರುಳಿದೆ. ಭದ್ರತಾ ಪರಿಷ್ಕರಣೆ ನಿಂತುಹೋದ ಫೋನಿನಲ್ಲಿ ಬ್ಯಾಂಕಿನ ವ್ಯವಹಾರ ಖಂಡಿತ ಸಲ್ಲದು. ಅದನ್ನು ಪಾಠ ಕೇಳಲು, ಪುಸ್ತಕದ ಪುಟಗಳನ್ನು ಚಿತ್ರೀಕರಿಸಲು ಇಟ್ಟುಕೊಳ್ಳಬಹುದು. ಉಬ್ಬಿದ ಬ್ಯಾಟರಿಯನ್ನು ಒಂದು ಕ್ಷಣವೂ ಬಳಸಬಾರದು. ಕೊಡುವ ಮುನ್ನ ಹಿಂದಿನವರ ಮಾಹಿತಿಯನ್ನು ಪೂರ್ತಿಯಾಗಿ ಅಳಿಸಬೇಕು. ಲ್ಯಾಪ್‌ಟಾಪಿಗಾದರೆ ಚಾಲ್ತಿಯಲ್ಲಿರುವ ಲಿನಕ್ಸ್ ಆವೃತ್ತಿ ಹಾಕಿದಾಗ ಪರಿಷ್ಕರಣೆಗಳು ಮತ್ತೆ ಬರತೊಡಗುತ್ತವೆ. ನಿಜವಾಗಿ ಸತ್ತ ಯಂತ್ರವನ್ನು ನೋಂದಾಯಿತ ಮರುಬಳಕೆದಾರರಿಗೇ ಒಪ್ಪಿಸಬೇಕು. 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಇಲ್ಲದಿದ್ದರೆ ನಮ್ಮ ಮನೆಯ ಕಸ ತಾಮ್ರಕ್ಕಾಗಿ ವಯರು ಸುಡುವ ಯಾವನೋ ಬಡವನ ಶ್ವಾಸಕೋಶಕ್ಕೆ ಹೋಗುತ್ತದೆ. ದುರಸ್ತಿಯ ಹಕ್ಕಿನ ಬಗ್ಗೆ ಕೇಂದ್ರ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯೇ 2022ರ ಜುಲೈಯಲ್ಲಿ ಸಮಿತಿ ರಚಿಸಿತು. ಸರಕಾರಕ್ಕೆ ಹೊಳೆದದ್ದು ಸಂಘಗಳಿಗೆ ಹೊಳೆಯಬಾರದೇ?

ಆದುದರಿಂದ ನನ್ನ ಸೂಚನೆ ಇಷ್ಟೇ. ಮುಂದಿನ ಮಹಾಸಭೆಯಲ್ಲಿ ಪ್ರತಿಯೊಂದು ಸಂಘವೂ ಹೊಸ ಯಂತ್ರಗಳ ವಿತರಣೆಯನ್ನು ಒಂದು ವರ್ಷ ನಿಲ್ಲಿಸಿ, ಆ ಹಣದಲ್ಲಿ ದುರಸ್ತಿ ನಿಧಿಯೊಂದನ್ನು ತೆರೆಯಲಿ. ಸದಸ್ಯರ ಮನೆಗಳಿಂದ, ಕಚೇರಿಗಳಿಂದ ಹಳೆಯ ಯಂತ್ರಗಳನ್ನು ಪಟ್ಟಿ ಮಾಡಿ ತರಲಿ. ಕೈಕೆಲಸ ಬಲ್ಲ ಇಬ್ಬರು ತರುಣರಿಗೆ ಸಂಬಳ ಕೊಟ್ಟು ಸರಿಪಡಿಸಲಿ. ಅವರ ದುಡಿಮೆಯನ್ನು ಸೇವೆಯೆಂದು ಕರೆದು ಬಿಟ್ಟಿಯಾಗಿಸುವುದು ಬೇಡ. ಯಂತ್ರವನ್ನು ಗ್ರಂಥಾಲಯದ ಪುಸ್ತಕದಂತೆ ಎರವಲು ಕೊಡಲಿ, ಓದು ಮುಗಿದ ಮೇಲೆ ಮರಳಿ ಪಡೆಯಲಿ. ಪ್ರತಿ ಯಂತ್ರಕ್ಕೆ ಆದ ಖರ್ಚನ್ನು ವಾರ್ಷಿಕ ವರದಿಯಲ್ಲಿ ಪೈಸೆ ಸಹಿತ ಪ್ರಕಟಿಸಲಿ. ವರ್ಷ ಕಳೆದ ಮೇಲೆ ಹೊಸತು ಪಡೆದ ನಾಲ್ವರ ಲೆಕ್ಕವನ್ನೂ ದುರಸ್ತಿಯದು ಪಡೆದವರ ಲೆಕ್ಕವನ್ನೂ ಸದಸ್ಯರ ಮುಂದೆ ಇಡೋಣ. ಯಾವ ಪದ್ಧತಿ ಉಳಿಯಬೇಕೆಂಬುದನ್ನು ಅವರೇ ಕೈಯೆತ್ತಿ ತೀರ್ಮಾನಿಸಲಿ.