ಹಿಂದೆ ಬರುವವರಿಗಾಗಿ ನಾಲ್ಕು ರಬ್ಬರ್ ತುಂಡು

ಹೊಸ ಕಾರು ಬುಕ್ ಮಾಡಿದವರ ಕೈಗೆ ಷೋರೂಮಿನವರು ಒಂದು ಪಟ್ಟಿ ಕೊಡುತ್ತಾರೆ. ಸೀಟ್ ಕವರ್, ಫ್ಲೋರ್ ಮ್ಯಾಟ್, ಕಿಟಕಿಯ ವೈಸರ್, ಬಾಗಿಲಿಗೆ ಕ್ರೋಮ್ ಪಟ್ಟಿ ಎಲ್ಲ ಮುಗಿದ ಮೇಲೆ ಎಲ್ಲೋ ಬುಡದಲ್ಲಿ ಮಡ್ ಫ್ಲ್ಯಾಪ್ ಎಂದಿರುತ್ತದೆ. ಬಿಲ್ಲು ಕೈಮೀರಿತು ಅನ್ನಿಸಿದರೆ ಮೊದಲು ಗೀಟು ಬೀಳುವುದೂ ಅದಕ್ಕೇ. ಲಕ್ಷಗಟ್ಟಲೆ ಸುರಿದು ಕೊಂಡ ಕಾರು ಕೆಲವು ನೂರು ರೂಪಾಯಿಯ ರಬ್ಬರ್ ಇಲ್ಲದೆ ಮಳೆಗಾಲದ ರಸ್ತೆಗೆ ಇಳಿಯುತ್ತದೆ. ಅದನ್ನು ಆ ಪಟ್ಟಿಯಲ್ಲಿ ಇಟ್ಟಿರುವುದೇ ತಪ್ಪು ಎಂಬುದು ನನ್ನ ತಕರಾರು.

ನಾನು ತೀರ್ಥಹಳ್ಳಿ ಸೀಮೆಯ ಪಶುವೈದ್ಯೆ. ಹಸು ಕರು ಹಾಕಲಾರದೆ ಒದ್ದಾಡುತ್ತಿದೆ ಎಂದು ಫೋನ್ ಬಂದರೆ ಮಳೆ ಹೊಳವಾಗಲಿ ಎಂದು ಕಾಯುತ್ತ ಕೂರುವಂತಿಲ್ಲ. ಆಗುಂಬೆಯಲ್ಲಿ ಸರಾಸರಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿಯುತ್ತದೆ. ಅದರ ಆಸುಪಾಸಿನ ನಮಗೂ ಕಡಿಮೆಯೇನಿಲ್ಲ. ಡಾಂಬರು ಮುಗಿದಲ್ಲಿ ಕೆಮ್ಮಣ್ಣಿನ ದಾರಿ, ಆ ದಾರಿ ಮುಗಿದಲ್ಲಿ ಉಣುಗೋಲು, ಅದರಾಚೆ ಕೊಟ್ಟಿಗೆ. ಈ ಓಡಾಟಕ್ಕೆ ನನ್ನ ಸಣ್ಣ ಕಾರಿನಲ್ಲಿ ಹಾಡು ಕೇಳದಿದ್ದರೂ ನಡೆದೀತು, ಮಡ್ ಫ್ಲ್ಯಾಪ್ ಇಲ್ಲದೆ ನಡೆಯದು. ಕಾರು ಕೊಳ್ಳುವ ಮೊದಲು ಇದೇ ರಸ್ತೆಗಳಲ್ಲಿ ಕಾರುಗಳ ಹಿಂದೆ ಸ್ಕೂಟರಿನಲ್ಲಿ ಓಡಾಡಿದವಳೂ ನಾನೇ. ಎರಡೂ ಕಡೆಯ ಕಷ್ಟ ಗೊತ್ತಿದೆ.

ಟೈರು ಉರುಳುವಾಗ ತನ್ನ ಕಚ್ಚುಗಳಲ್ಲಿ ಸಿಕ್ಕಿದ ನೀರು, ಕೆಸರು, ಸಣ್ಣ ಜಲ್ಲಿಯನ್ನು ಹಿಂಬದಿಯಿಂದ ಮೇಲಕ್ಕೆ ಎತ್ತಿ ಎಸೆಯುತ್ತದೆ. ಕಾರು ಎಷ್ಟು ಜೋರಾಗಿ ಓಡುತ್ತದೋ ಎಸೆತವೂ ಅಷ್ಟೇ ಜೋರು. ಮುಂದಿನ ಚಕ್ರ ಎಸೆದದ್ದು ನಮ್ಮದೇ ಕಾರಿನ ಬಾಗಿಲಿನ ಕೆಳಗಿನ ಅಂಚಿಗೆ ಬಡಿಯುತ್ತದೆ. ಅಲ್ಲಿ ಬಣ್ಣ ಚಕ್ಕೆಯೆದ್ದರೆ ನೀರು ತಾಗಿ ತುಕ್ಕು ಹಿಡಿಯುತ್ತದೆ. ಹಿಂದಿನ ಚಕ್ರ ಎಸೆದದ್ದು ಮಾತ್ರ ಬೇರೆಯವರ ಪಾಲು. ಹಿಂದೆ ಇನ್ನೊಂದು ಕಾರಿದ್ದರೆ ಅದಕ್ಕೆ ವೈಪರ್ ಇದೆ, ಗಾಜು ತೊಳೆಯುವ ನೀರಿದೆ. ಡೇರಿಗೆ ಹಾಲಿನ ಕ್ಯಾನ್ ಕಟ್ಟಿಕೊಂಡು ಹೊರಟ ಬೈಕಿನವನಿಗೆ ಏನಿದೆ? ಹೆಲ್ಮೆಟ್ಟಿನ ಗಾಜಿನ ಮೇಲೆ ಕೆಂಪು ರಾಡಿ ಬಿದ್ದ ಕೂಡಲೇ ಅವನು ಎಡಗೈ ಎತ್ತಿ ಒರೆಸುತ್ತಾನೆ. ಚುಕ್ಕೆಯಾಗಿದ್ದ ಕೆಸರು ಗಾಜಿನ ತುಂಬ ಹರಡಿಕೊಳ್ಳುತ್ತದೆ. ಗಾಜು ಎತ್ತಿದರೆ ಮುಂದಿನ ಎಸೆತ ನೇರ ಕಣ್ಣಿಗೆ. ಎದುರಿನಿಂದ ಲಾರಿಯ ದೀಪ ಬಿದ್ದರೆ ಆ ಗಾಜಿನಲ್ಲಿ ಬೆಳಕು ಬಿಟ್ಟು ಇನ್ನೇನೂ ಕಾಣುವುದಿಲ್ಲ. ಘಾಟಿಯ ತಿರುವಿನಲ್ಲಿ ಅಷ್ಟು ಸಾಕು.

ನಮ್ಮ ಜನ ಕಾರಿಗೆ ಖರ್ಚು ಮಾಡುವುದಿಲ್ಲ ಎಂದೇನೂ ಇಲ್ಲ. ಬಂಪರಿನ ಮುಂದೆ ಕಬ್ಬಿಣದ ದಪ್ಪ ಗಾರ್ಡ್ ಕೂರಿಸಿಕೊಂಡು ತಿರುಗುವ ಗೀಳು ಎಷ್ಟಿತ್ತೆಂದರೆ, ಪಾದಚಾರಿಗಳಿಗೂ ಕಾರಿನಲ್ಲಿ ಕೂತವರಿಗೂ ಅಪಾಯ ಎಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ಅವುಗಳ ಮೇಲೆ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಬರೆಯಬೇಕಾಯಿತು. ಬೇರೆಯವರಿಗೆ ಪೆಟ್ಟು ಮಾಡುವ ಕಂಬಿಗೆ ಸಾವಿರಾರು ರೂಪಾಯಿ ಬಿಚ್ಚುವ ಕೈ, ಬೇರೆಯವರನ್ನು ಕಾಯುವ ರಬ್ಬರಿಗೆ ಯಾಕೆ ಹಿಂದೆಗೆಯುತ್ತದೆ?

ಕೂರಿಸುವ ಕೆಲಸ ದೊಡ್ಡದಲ್ಲ. ಆದರೆ ಅದರಲ್ಲೊಂದು ಕ್ರಮ ಇದೆ. ಅಂಗಡಿಗೆ ಹೋದರೆ ಎರಡು ಬಗೆ ಸಿಗುತ್ತವೆ: ಯಾವ ಕಾರಿಗಾದರೂ ಆಗುತ್ತದೆ ಎನ್ನುವ ಚಪ್ಪಟೆ ತುಂಡು, ಆಯಾ ಮಾಡೆಲ್ಲಿಗೆಂದೇ ಅಚ್ಚು ಹಾಕಿದ ಸೆಟ್. ಎರಡನೆಯದನ್ನೇ ಕೊಳ್ಳಿ. ನಾಲ್ಕಾರು ಕಾಸು ಹೆಚ್ಚಾದರೂ ಅದರ ತೂತುಗಳು ಕಾರಿನಲ್ಲಿ ಮೊದಲೇ ಇರುವ ಸ್ಕ್ರೂಗಳ ಜಾಗಕ್ಕೆ ಸರಿಯಾಗಿ ಕೂರುತ್ತವೆ. ಗಟ್ಟಿ ಪ್ಲಾಸ್ಟಿಕ್ಕಿಗಿಂತ ಬಾಗುವ ರಬ್ಬರ್ ಅಥವಾ ಮೆತ್ತನೆಯ ಪಿವಿಸಿ ನಮ್ಮ ದಾರಿಗಳಿಗೆ ಲೇಸು; ಕಲ್ಲು ತಾಗಿದರೆ ಮಣಿಯುತ್ತದೆ, ಸೀಳುವುದಿಲ್ಲ. ಅಗಲ ಟೈರಿನಷ್ಟಾದರೂ ಇರಲಿ. ಅಗಲದ ಟೈರು ಹಾಕಿಸಿ ಅದು ಬಾಡಿಯಿಂದ ಹೊರಗೆ ಇಣುಕುತ್ತಿದ್ದರೆ ಯಾವ ಫ್ಲ್ಯಾಪೂ ಅದನ್ನು ಮುಚ್ಚಲಾರದು.

ನಾನು ಮಳೆ ಹಿಡಿಯುವ ಮುಂಚೆ, ಮೇ ಕೊನೆಗೆ, ಅಂಗಳದಲ್ಲೇ ಈ ಕೆಲಸ ಮುಗಿಸಿಕೊಳ್ಳುತ್ತೇನೆ. ಸ್ಟೇರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿದರೆ ಮುಂದಿನ ಚಕ್ರದ ಹಿಂದೆ ಸ್ಕ್ರೂ ಡ್ರೈವರ್ ಹೋಗುವಷ್ಟು ಜಾಗ ಸಿಗುತ್ತದೆ. ಒಳಗಿನ ಕಪ್ಪು ಪ್ಲಾಸ್ಟಿಕ್ ಲೈನಿಂಗಿನ ಅಂಚನ್ನು ಬ್ರಷ್ಷಿನಿಂದ ಉಜ್ಜಿ ಒಣಗಿಸಬೇಕು. ಇರುವ ಸ್ಕ್ರೂ, ಕ್ಲಿಪ್ ಬಿಚ್ಚಿ, ಫ್ಲ್ಯಾಪನ್ನು ಅಂಚಿಗೆ ಒತ್ತಿ ಹಿಡಿದು, ಎಲ್ಲ ಸ್ಕ್ರೂಗಳನ್ನೂ ಮೊದಲು ಸಡಿಲವಾಗಿ ಹಿಡಿಸಬೇಕು. ನೇರವಾಗಿದೆಯೇ ನೋಡಿ ಆಮೇಲೆ ಬಿಗಿ ಮಾಡಬೇಕು. ಮೊದಲಿನದನ್ನೇ ಪೂರ್ತಿ ಬಿಗಿದರೆ ಉಳಿದ ತೂತುಗಳು ಸೇರುವುದಿಲ್ಲ. ತುಕ್ಕು ಹಿಡಿಯದ ಸ್ಟೀಲ್ ಸ್ಕ್ರೂ, ಅದರಡಿ ಅಗಲದ ವಾಷರ್ ಇದ್ದರೆ ರಬ್ಬರ್ ಹರಿಯುವುದಿಲ್ಲ. ಹಿಂದಿನ ಚಕ್ರ ತಿರುಗದ ಕಾರಣ ಅಲ್ಲಿ ಕೈ ಆಡಿಸುವುದು ಕಷ್ಟ. ಚಕ್ರ ಬಿಚ್ಚಬೇಕಾಗಿ ಬಂದರೆ ಸಮತಟ್ಟು ನೆಲ, ಹ್ಯಾಂಡ್ ಬ್ರೇಕ್, ಉಳಿದ ಚಕ್ರಗಳಿಗೆ ಅಡ್ಡಗಲ್ಲು ಬೇಕು. ಬರೀ ಜಾಕಿಯ ಮೇಲೆ ನಿಂತ ಕಾರಿನ ಅಡಿಗೆ ತಲೆ ಹಾಕಬೇಡಿ. ಕಡೆಗೆ ಸ್ಟೇರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ ನೋಡಿ, ಹಿಂದಿನ ಸೀಟಿನಲ್ಲಿ ಜನ ಕೂರಿಸಿಕೊಂಡು ಒಂದು ಹಂಪು ದಾಟಿಸಿ. ಟೈರಿಗೆ ಉಜ್ಜಿದರೆ, ನೆಲಕ್ಕೆ ಎಳೆದರೆ ಆಗಲೇ ಗೊತ್ತಾಗುತ್ತದೆ.

“ಡ್ರಿಲ್ ಹೊಡೆದ್ರೆ ಹತ್ ನಿಮಿಷದ ಕೆಲಸ ಮೇಡಂ” ಎನ್ನುವ ಅಂಗಡಿಯವರು ಎಲ್ಲ ಊರಲ್ಲೂ ಸಿಗುತ್ತಾರೆ. ಬೇಡ ಎನ್ನಿ. ಬಾಡಿಯ ತಗಡಿಗೆ ಬಿದ್ದ ತೂತಿನ ಅಂಚಿಗೆ ಬಣ್ಣ ಇರುವುದಿಲ್ಲ; ತುಕ್ಕು ಅಲ್ಲಿಂದಲೇ ಶುರು. ಕರಾವಳಿಯ ಉಪ್ಪುಗಾಳಿಯಲ್ಲಿ ಇನ್ನೂ ಬೇಗ. ಕೆಲವು ಕಾರುಗಳಲ್ಲಿ ಆ ಲೈನಿಂಗಿನ ಹಿಂದೆಯೇ ವೈರುಗಳೋ ಪೆಟ್ರೋಲ್ ತುಂಬುವ ಪೈಪೋ ಹಾದುಹೋಗಿರುತ್ತವೆ. ಕೊರೆಯದೆ ಗತಿಯೇ ಇಲ್ಲದಿದ್ದರೆ ಒಳಗೇನಿದೆ ಎಂದು ನೋಡಿ ಕೊರೆಸಿ, ತೂತಿನ ಅಂಚಿಗೆ ಪ್ರೈಮರ್ ಮತ್ತು ಬಣ್ಣ ಬಳಿಸಿ, ಒಣಗಿದ ಮೇಲೆ ಸ್ಕ್ರೂ ಹಾಕಿಸಿ.

ಹಾಕಿಸಿ ಮರೆತುಬಿಡುವ ವಸ್ತುವೂ ಇದಲ್ಲ. ಫ್ಲ್ಯಾಪಿಗೂ ಬಾಡಿಗೂ ನಡುವಿನ ಸಂದಿಯಲ್ಲಿ ಕೆಸರು, ತರಗೆಲೆ, ನಮ್ಮ ಕಡೆಯಾದರೆ ಅಡಿಕೆ ಸಿಪ್ಪೆಯ ನಾರು ಬಂದು ಕೂರುತ್ತದೆ. ಕಾರಿನ ಮೈ ಒಣಗಿದರೂ ಅದು ವಾರಗಟ್ಟಲೆ ಒದ್ದೆಯಾಗಿಯೇ ಇದ್ದು ತಗಡನ್ನು ತಿನ್ನುತ್ತದೆ. ಕಾರು ತೊಳೆಯುವಾಗ ಪೈಪನ್ನು ಚಕ್ರದ ಕಮಾನಿನೊಳಗೆ ಹಿಡಿದು, ಕೆಂಪು ನೀರು ನಿಂತು ತಿಳಿನೀರು ಬರುವವರೆಗೆ ಬಿಡಬೇಕು. ಪ್ಲಾಸ್ಟಿಕ್ ಕ್ಲಿಪ್‌ಗಳು ಬಿಸಿಲಿಗೆ ಒಣಗಿ ಒಂದು ದಿನ ಟಪ್ಪನೆ ಮುರಿಯುತ್ತವೆ. ಹತ್ತಿಪ್ಪತ್ತು ರೂಪಾಯಿಯ ಮಾಲು, ಎರಡು ಹೆಚ್ಚಿಗೆ ತಂದು ಡ್ಯಾಷ್‌ಬೋರ್ಡಿನಲ್ಲಿ ಇಟ್ಟುಕೊಳ್ಳಿ. ಟೈರಿನ ಕೆಲಸಕ್ಕೋ ಸರ್ವಿಸಿಗೋ ಬಿಟ್ಟ ಕಾರು ವಾಪಸು ಬಂದಾಗ ನಾಲ್ಕೂ ಫ್ಲ್ಯಾಪನ್ನು ಕೈಯಲ್ಲಿ ಅಲುಗಾಡಿಸಿ ನೋಡಿ. ರಿವರ್ಸ್ ತೆಗೆಯುವಾಗ ಕಟ್ಟೆಗೆ ತಾಗಿದ ಅನುಮಾನ ಬಂದರೆ ಮುಂದಕ್ಕೆ ಎಳೆಯುವ ಮೊದಲು ಇಳಿಯಿರಿ. ಫ್ಲ್ಯಾಪ್ ಸಿಕ್ಕಿಕೊಂಡಿದ್ದರೆ ಅದರ ಜತೆ ಬಂಪರಿನ ಅಂಚೂ ಕಿತ್ತು ಬರುತ್ತದೆ.

ಅಂದ ಕೆಡುತ್ತದೆ, ಮೈಲೇಜ್ ಬೀಳುತ್ತದೆ ಎನ್ನುವವರಿದ್ದಾರೆ. ಗುಂಡಿ, ಹಂಪು, ದನ ದಾಟಿಕೊಂಡು ಹೋಗುವ ನಮ್ಮ ರಸ್ತೆಯ ವೇಗದಲ್ಲಿ ಆ ರಬ್ಬರ್ ತಡೆಯುವ ಗಾಳಿ ಲೆಕ್ಕಕ್ಕೆ ಬರುವಂಥದ್ದಲ್ಲ. ಹಾಗೆಂದು ಮಡ್ ಫ್ಲ್ಯಾಪ್ ಎಲ್ಲವನ್ನೂ ತಡೆಯುತ್ತದೆ ಎಂದೂ ಹೇಳಲಾರೆ. ನಿಂತ ನೀರಿಗೆ ಜೋರಾಗಿ ನುಗ್ಗಿದರೆ ನೀರು ಪಕ್ಕಕ್ಕೆ ಹಾರಿ, ಶಾಲೆಗೆ ಹೊರಟ ಮಕ್ಕಳ ಯೂನಿಫಾರ್ಮಿನ ಮೇಲೆ ಬೀಳುತ್ತದೆ. ಅದಕ್ಕೆ ಮದ್ದು ಬ್ರೇಕ್ ಒಂದೇ.

ಯುರೋಪಿನಲ್ಲಿ ಭಾರಿ ವಾಹನಗಳ ಚಕ್ರದಿಂದ ಏಳುವ ನೀರಿನ ತುಂತುರನ್ನು ತಡೆಯುವ ಸಾಧನಗಳಿಗೆಂದೇ 1991ರಲ್ಲಿ ನಿಯಮಾವಳಿ ಬಂತು. ನಮ್ಮಲ್ಲಿ ಜಲ್ಲಿ ಟಿಪ್ಪರುಗಳ ಹಿಂದೆ ಅರ್ಧ ಹರಿದ ರಬ್ಬರ್ ಜೋತಾಡುತ್ತಿರುತ್ತದೆ, ಎಷ್ಟೋ ಸಲ ಅದೂ ಇರುವುದಿಲ್ಲ. ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟಿಗೆ) ಬಂದ ಲಾರಿಯ ದೀಪ, ಬ್ರೇಕ್ ನೋಡುವ ಸಾರಿಗೆ ಅಧಿಕಾರಿಗಳು ಚಕ್ರದ ಹಿಂದೆಯೂ ಒಮ್ಮೆ ಬಗ್ಗಿ ನೋಡಲಿ. ಕಾರು ಕಂಪನಿಗಳು ಸ್ಟೆಪ್ನಿ, ಜಾಕಿ ಕೊಟ್ಟ ಹಾಗೆ ನಾಲ್ಕು ಮಡ್ ಫ್ಲ್ಯಾಪನ್ನೂ ಕಾರಿನ ಬೆಲೆಯಲ್ಲೇ ಸೇರಿಸಿ ಕೊಡಲಿ.

ಅಲ್ಲಿಯವರೆಗೆ ಕೆಲಸ ನಮ್ಮದೇ. ಮುಂಗಾರಿಗೆ ಮೊದಲು ನಿಮ್ಮ ಕಾರಿನ ಹಿಂದೆ ಹೋಗಿ ಒಮ್ಮೆ ಕುಕ್ಕರುಗಾಲಲ್ಲಿ ಕೂತು ನೋಡಿ. ಫ್ಲ್ಯಾಪ್ ಇಲ್ಲದಿದ್ದರೆ ಈ ವಾರವೇ ಹಾಕಿಸಿ, ಇದ್ದರೆ ಸ್ಕ್ರೂ ಬಿಗಿ ಮಾಡಿಸಿ.