ಆಡಿಗೇಕೆ ತಕ್ಕಡಿಯಿಲ್ಲ?

ತೊಗರಿಯನ್ನು ತೂಗುತ್ತೇವೆ, ಹುಣಸೆಯನ್ನು ತೂಗುತ್ತೇವೆ. ವರ್ಷವಿಡೀ ಸಾಕಿದ ಆಡನ್ನು ಮಾತ್ರ ಕಣ್ಣಂದಾಜಿನಲ್ಲಿ ಮಾರುತ್ತೇವೆ. ಸಂತೆಯ ದಲ್ಲಾಳಿ ಅದರ ಸೊಂಟ ಹಿಸುಕಿ, ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುತ್ತಾನೆ. ಅದೇ ಆಡು ಅಂಗಡಿಯಲ್ಲಿ ಗ್ರಾಂ ಲೆಕ್ಕದಲ್ಲಿ ಬಿಕರಿಯಾಗುತ್ತದೆ! ಇದನ್ನು ಸಂಪ್ರದಾಯವೆನ್ನುವವರಿಗೆ ಹಗಲುದರೋಡೆಯೆಂದೇ ನನ್ನ ಉತ್ತರ. ನನ್ನ ಎಸ್ಸೆಸ್ಸೆಲ್ಸಿ ಶುಲ್ಕಕ್ಕೆಂದು ಅವ್ವ ಮಾರಿದ ಆಡೂ ಹೀಗೆಯೇ ಹೋಯಿತು.

ಊರಿನಲ್ಲಿ ಆಡು ಸಾಕುತ್ತಿರುವ ನನ್ನ ಶಿಷ್ಯರೇ, ಕೊಟ್ಟಿಗೆಯ ತೊಲೆಗೊಂದು ಸ್ಪ್ರಿಂಗ್ ತಕ್ಕಡಿ ತೂಗುಹಾಕಿ, ಮನೆಬಾಗಿಲಲ್ಲೇ ಮಾರಿ. 30 ಕಿಲೋ ಜೀವಂತ ತೂಕದ ಆಡಿನಲ್ಲಿ ಸುಮಾರು 14 ಕಿಲೋ ಮಾಂಸ ದೊರೆಯುತ್ತದೆ. ಪೇಟೆಯ ಮಾಂಸದ ದರ ಹಿಡಿದು ಲೆಕ್ಕ ಹಾಕಿ. ತಲೆ, ಕಾಲು, ಬೋಟಿ, ಚರ್ಮಕ್ಕೂ ಬೆಲೆಯುಂಟೆಂಬುದನ್ನು ಮರೆಯದಿರಿ. ಉಪ್ಪು ತಿನ್ನಿಸಿ ನೀರು ಕುಡಿಸಿ ತೂಕವೇರಿಸುವ ನಮ್ಮವರನ್ನೂ ನಾನು ಬಲ್ಲೆ. ದಲ್ಲಾಳಿಯನ್ನು ದೂರುವ ಹಕ್ಕು ಅವರಿಗಿಲ್ಲ. ಬೆಳಿಗ್ಗೆ, ಮೇವಿಗೆ ಮುನ್ನ, ಕೊಳ್ಳುವವನ ಕಣ್ಣೆದುರೇ ತೂಗಿ.